ಐದು ವಾಕಿಟಾಕಿ, ನಾಲ್ಕು ಜನ

ಆ ದಿನ ಆ ಕಾಡಿನಲ್ಲಿ ಇದ್ದದ್ದು ನಾವು ನಾಲ್ಕೇ ಜನ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನೀವು ತಲೆ ಎಣಿಸುತ್ತೀರಿ, ನನಗೆ ಗೊತ್ತು. ನಾನೂ ಎಷ್ಟೋ ಸಲ ಎಣಿಸಿದ್ದೇನೆ... ಪ್ರತಿ ಸಲವೂ ನಾಲ್ಕೇ ಬರುತ್ತದೆ.

ಒಬ್ಬ ರೋಲ್ಫ್. ಎಪ್ಪತ್ತು ದಾಟಿದ ಮುದುಕ, ಸ್ವೀಡನ್ನಿನ ಆ ಕಾಡಿನ ಬೇಟೆ ತಂಡದ ಯಜಮಾನ. ಎರಡನೆಯವಳು ಅವನ ಮಗಳು ಕರೀನ್, ಕಾರ್ಲ್‌ಸ್ಟಾಡಿನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು. ಮೂರನೆಯವನು ನನ್ನ ಗೆಳೆಯ ಗಿರೀಶ. ಹುಬ್ಬಳ್ಳಿಯವನು, ಈಗ ಓರೆಬ್ರೂದಲ್ಲಿ ಕೆಲಸ. ನಾಲ್ಕನೆಯವನು ನಾನು, ಮುರಳಿ. ಜೊತೆಗೆ ರೋಲ್ಫನ ಬೂದು ನಾಯಿಯೊಂದಿತ್ತು. ಅದು ಮಾತಾಡುವುದಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ.

ನಾನು ಏನು ಹೇಳಿದರೂ ಉಪ್ಪು ಖಾರ ಸೇರಿಸುತ್ತೇನೆ ಅಂತ ನನ್ನ ಹೆಂಡತಿಯ ದೂರು. ಒಪ್ಪುತ್ತೇನೆ. ಆದರೆ ಇದಕ್ಕೆ ಒಂದು ಹರಳು ಉಪ್ಪನ್ನೂ ಹಾಕಿಲ್ಲ. ಹಾಕುವ ಧೈರ್ಯವಿಲ್ಲ.

ನಾನು ಮೊಟ್ಟೆಯನ್ನೂ ಮುಟ್ಟದವನು. ಅಂಥವನಿಗೆ ಬೇಟೆಯ ಸಹವಾಸ ಹೇಗೆ ಅಂಟಿತು ಅನ್ನುತ್ತೀರಾ? ಅದಕ್ಕೆ ಕಾರಣ ಒಂದು ರೈಸ್ ಕುಕ್ಕರು. ಅದನ್ನು ಕೊಳ್ಳಲು ನಾನು ಮೂರು ವಾರ ತೆಗೆದುಕೊಂಡಿದ್ದೆ, ಹದಿನಾಲ್ಕು ಮಾಡೆಲ್‌ಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಹಾಕಿ ತೂಗಿ ನೋಡಿದ್ದೆ. ಆಫೀಸಿನಲ್ಲಿ ಅದು ದೊಡ್ಡ ತಮಾಷೆಯಾಗಿತ್ತು. ಒಂದು ದಿನ ಫಿಕಾ ಸಮಯದಲ್ಲಿ, ಅಂದರೆ ಇಲ್ಲಿನವರ ಕಾಫಿ ವಿರಾಮದಲ್ಲಿ, ಕಾಫಿ ಬಗ್ಗಿಸುತ್ತಾ ಕರೀನ್ ಹೇಳಿದಳು: ಅಪ್ಪನ ತಂಡಕ್ಕೆ ಹೊಸ ವಾಕಿಟಾಕಿ ಬೇಕಂತೆ, ಅಂಗಡಿಯವರನ್ನು ಅವನು ನಂಬುವುದಿಲ್ಲ, ರೈಸ್ ಕುಕ್ಕರಿನವನನ್ನು ಕೇಳು ಅಂದಿದ್ದಾನೆ.

ನನಗೆ ಅಷ್ಟೇ ಸಾಕಿತ್ತು. ಎರಡು ವಾರ ಸಂಜೆಯೆಲ್ಲ ಅದೇ ಕೆಲಸ. ಮಕ್ಕಳ ಆಟದ ಸಾಮಾನಿನಂಥ ಅಗ್ಗದ ಸೆಟ್‌ಗಳ ದನಿ ಎರಡನೇ ಸಾಲು ಸ್ಪ್ರೂಸ್ ಮರ ದಾಟುವಷ್ಟರಲ್ಲಿ ಸತ್ತುಹೋಗುತ್ತದೆ. ಕೆಲವಕ್ಕೆ ದನಿ ದೂರ ಹೋಗುತ್ತದೆ, ಆದರೆ ಚಳಿಗೆ ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತದೆ. ಕೆಲವುಗಳ ಗುಂಡಿ ಎಷ್ಟು ಚಿಕ್ಕದೆಂದರೆ ದಪ್ಪ ಗ್ಲೌಸ್ ಹಾಕಿದವನು ಒತ್ತಿದರೆ ಮೂರು ಗುಂಡಿ ಒಟ್ಟಿಗೆ ಅಮರುತ್ತವೆ. ಇಲ್ಲಿನ ಬೇಟೆಗಾರರು ಬಳಸುವ ಚಾನೆಲ್‌ಗಳು ಬೆರಳೆಣಿಕೆಯಷ್ಟು. ಪಕ್ಕದ ಕಾಡಿನ ತಂಡವೂ ಅದರಲ್ಲೇ ಮಾತಾಡುತ್ತಿರುತ್ತದೆ.

ನನ್ನ ಪಟ್ಟಿ ನೋಡಲು ರೋಲ್ಫ್ ಊರಿಗೆ ಬಂದ. ಕಾಫಿ ಅಂಗಡಿಯಲ್ಲಿ ಎದುರು ಕೂತ. ಆದರೆ ಪಟ್ಟಿಯ ಕಡೆ ಕಣ್ಣೇ ಹಾಯಿಸಲಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ. ನಮ್ಮವರಲ್ಲದವರು ಇದರೊಳಗೆ ಬರಲು ಸಾಧ್ಯವೇ?

ನಾನು ಉತ್ಸಾಹದಿಂದ ಟೋನ್ ಕೋಡ್ ಬಗ್ಗೆ ವಿವರಿಸಿದೆ. ನಮ್ಮ ಸೆಟ್‌ಗಳಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಸ್ವರ ಅದು. ಆ ಸ್ವರವಿಲ್ಲದೆ ಯಾರೇ ಮಾತಾಡಿದರೂ ನಮ್ಮ ಸೆಟ್ ಬಾಯಿ ಬಿಡುವುದಿಲ್ಲ, ಮನೆಯವರ ಬಡಿತಕ್ಕಷ್ಟೇ ತೆರೆಯುವ ಬಾಗಿಲಿನ ಹಾಗೆ. ಅವನು ಅದೇ ಪ್ರಶ್ನೆಯನ್ನು ಇನ್ನೂ ಎರಡು ಸಲ ಕೇಳಿದ. ಎರಡು ಸಲವೂ ಇಲ್ಲ, ಯಾರೂ ಬರಲಾರರು ಅಂದೆ.

"ಹಳೆಯ ಸೆಟ್‌ಗಳು ಬಹಳ ಕೇಳಿಸಿಕೊಳ್ಳುತ್ತವೆ," ಅಂದ ಮುದುಕ.

ಗೊರಗೊರ ಸದ್ದಿನ ಬಗ್ಗೆ ಹೇಳುತ್ತಿದ್ದಾನೆ ಅಂದುಕೊಂಡೆ. ಅವನು 'ಕೇಳಿಸುತ್ತವೆ' ಅನ್ನಲಿಲ್ಲ, 'ಕೇಳಿಸಿಕೊಳ್ಳುತ್ತವೆ' ಅಂದಿದ್ದ. ಆ ವ್ಯತ್ಯಾಸ ನನಗೆ ಹೊಳೆದದ್ದು ಆಮೇಲೆ.

ಐದು ಸೆಟ್ ತರಿಸಿದೆವು. ನಾಲ್ಕು ಬಳಸುವುದಕ್ಕೆ, ಒಂದು ಹೆಚ್ಚುವರಿ. ಐದಕ್ಕೂ ಗುಟ್ಟಿನ ಸ್ವರ ತುಂಬಿದವನು ನಾನೇ. ಐದನೆಯದರ ಬ್ಯಾಟರಿ ಕಳಚಿ, ಅದರ ಪ್ಲಾಸ್ಟಿಕ್ ಚೀಲದಲ್ಲೇ ವಾಪಸ್ ಇಟ್ಟು, ಡಬ್ಬಿ ಮುಚ್ಚಿ ನನ್ನ ಕಾರಿನ ಡಿಕ್ಕಿಯಲ್ಲಿಟ್ಟೆ.

ಖುಷಿಯಾದ ರೋಲ್ಫ್ ಆ ವರ್ಷದ ಕೊನೆಯ ಬೇಟೆಗೆ ನನ್ನನ್ನು ಕರೆದ. ಇಲ್ಲಿ ಕುದುರೆಗಿಂತ ಎತ್ತರದ, ಸಲಿಕೆಯಂಥ ಕೊಂಬಿನ ಎಲ್ಕ್ ಅನ್ನುವ ಪ್ರಾಣಿ ಇದೆ. ಆ ವರ್ಷ ಹೊಡೆಯಲು ಅನುಮತಿ ಇದ್ದದ್ದರಲ್ಲಿ ತಂಡದ ಪಾಲಿಗೆ ಅದರ ಒಂದು ಕರು ಉಳಿದಿತ್ತಂತೆ. ತಂಡದ ಬೇರೆಯವರು ಅಕ್ಟೋಬರಿನಲ್ಲೇ ಕೈ ತೊಳೆದುಕೊಂಡಿದ್ದರು. ಬೇಟೆ ಪರೀಕ್ಷೆ ಪಾಸು ಮಾಡಿ ಯಾರಾದರೂ ಕರೆಯಲಿ ಅಂತ ಕಾಯುತ್ತಿದ್ದ ಗಿರೀಶನನ್ನೂ ನಾನು ಸೇರಿಸಿಕೊಂಡೆ.

ಗಿರೀಶನ ಹೆಂಡತಿ ಸೌಮ್ಯಳಿಗೆ ಆಗ ಏಳು ತಿಂಗಳು. ಹೆಂಡತಿ ಬಸುರಿ ಇರುವಾಗ ಗಂಡ ಒಂದು ಇರುವೆಯನ್ನೂ ಕೊಲ್ಲಬಾರದು ಅಂತ ಅವನ ತಾಯಿ ಹುಬ್ಬಳ್ಳಿಯಿಂದ ವಿಡಿಯೋ ಕಾಲಿನಲ್ಲಿ ಆಣೆ ಹಾಕಿಸಿದ್ದರು. ಹಾಗಾಗಿ ಅವನು ಬಂದೂಕು ಮುಟ್ಟದೆ, ಕಾಯುವ ಜಾಗದಲ್ಲಿ ನಿಂತು ಪ್ರಾಣಿ ಕಂಡರೆ ಹೇಳುವುದು ಅಂತ ತೀರ್ಮಾನವಾಯಿತು. ನನ್ನದೂ ಅದೇ ಕೆಲಸ. ನಮ್ಮಿಬ್ಬರ ಕೈಯಲ್ಲಿ ಇದ್ದದ್ದು ರೇಡಿಯೋ ಮಾತ್ರ.

ಹಿಂದಿನ ರಾತ್ರಿ ಓರೆಬ್ರೂದಲ್ಲಿ ಅವರ ಮನೆಯಲ್ಲೇ ಉಳಿದೆ. ನಸುಕಿನಲ್ಲಿ ಹೊರಡುವಾಗ ಸೌಮ್ಯ ಬಾಗಿಲಿಗೆ ಬಂದಳು.

"ಅಣ್ಣಾ, ಏಳು ಗಂಟೆ ಒಳಗೆ ಕರ್ಕೊಂಡ್ ಬನ್ನಿ. ಇವರನ್ನ ನಿಮ್ಮ ಕೈಗೆ ಕೊಟ್ಟಿದೀನಿ."

"ಬರ್ತೀವಮ್ಮಾ," ಅಂದೆ.

ನಮ್ಮಲ್ಲಿ ಹೊರಡುವಾಗ 'ಹೋಗ್ತೀನಿ' ಅನ್ನುವುದಿಲ್ಲವಲ್ಲ. ನನ್ನ ಅಜ್ಜಿಯಂತೂ ಆ ಮಾತು ಬಾಯಿಗೆ ಬಂದರೆ ವಾಪಸ್ ಕರೆದು, ಎರಡು ನಿಮಿಷ ಕೂರಿಸಿ, ನೀರು ಕುಡಿಸಿ, 'ಬರ್ತೀನಿ' ಅನ್ನಿಸಿಯೇ ಕಳಿಸುತ್ತಿದ್ದಳು. ಹೋಗುವವರು ತಿರುಗಿ ಬರುವುದಿಲ್ಲ, ಬರುತ್ತೇನೆ ಅಂದವರು ಬಂದೇ ಬರುತ್ತಾರೆ ಅನ್ನುವುದು ಅವಳ ನಂಬಿಕೆ. ನಾನು ಮಾತು ಕಲಿತದ್ದೇ ಅವಳ ಮಡಿಲಲ್ಲಿ. ಈಗ ಆಫೀಸಿನ ಮೀಟಿಂಗ್ ಮುಗಿಸುವಾಗಲೂ ಆ ಮಾತು ತುಟಿಯ ತನಕ ಬಂದಿರುತ್ತದೆ.

ಈ ಒಂದು ಮಾತನ್ನು ನೆನಪಿನಲ್ಲಿಡಿ.

ಕಾಡಿನೊಳಗೆ ರೋಲ್ಫನದೊಂದು ಮರದ ಗುಡಿಸಲು. ಒಳಗೆ ಬರ್ಚ್ ಸೌದೆಯ ಹೊಗೆ, ಸುಟ್ಟ ಕಾಫಿ, ಒದ್ದೆ ನಾಯಿ... ಮೂರರ ವಾಸನೆಯೂ ಕಲೆತು ಮೂಗಿಗೆ ಹತ್ತಿಕೊಂಡಿತ್ತು. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ. ಆ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ರೋಲ್ಫ್ ನಾಲ್ಕು ಸೆಟ್‌ಗಳನ್ನು ಹಂಚಿ, ಒಂದೇ ಒಂದು ನಿಯಮ ಹೇಳಿದ. ಇಲ್ಲಿನವರು ರೇಡಿಯೋದಲ್ಲಿ ತಮ್ಮ ಮಾತು ಮುಗಿಸಿ ಎದುರಿನವರಿಗೆ ಬಿಟ್ಟುಕೊಡುವಾಗ 'ಕೊಮ್' ಅನ್ನುತ್ತಾರೆ, ಇಂಗ್ಲಿಷಿನವರು 'ಓವರ್' ಅಂದ ಹಾಗೆ. ಆದರೆ ಈ ಕಾಡಿನಲ್ಲಿ ಯಾರೂ ಹಾಗೆ ಅನ್ನಬಾರದು. ಅದರ ಬದಲು, ಉತ್ತರ ಕೊಡು ಅನ್ನುವ ಅರ್ಥದಲ್ಲಿ 'ಸ್ವಾರ್' ಅನ್ನಬೇಕು.

'ಕೊಮ್' ಅಂದರೆ ಸ್ವೀಡಿಷಿನಲ್ಲಿ 'ಬಾ' ಅಂತ.

ಯಾಕೆ ಬೇಡ ಅಂತ ಕೇಳಿದೆ. ಹಳೇ ಅಭ್ಯಾಸ ಅಷ್ಟೇ ಅಂತ ಕರೀನ್ ಥಟ್ಟನೆ ಉತ್ತರ ಕೊಟ್ಟಳು, ಸ್ವಲ್ಪ ಹೆಚ್ಚೇ ಥಟ್ಟನೆ. ರೋಲ್ಫ್ ನಾಯಿಯ ಪಟ್ಟಿ ಸರಿಮಾಡುತ್ತಾ ಬಗ್ಗಿಯೇ ಇದ್ದ. ಆಗಲೇ ನನಗೆ ಏನೋ ಅನುಮಾನ. ಈ ಅಪ್ಪ ಮಗಳು ಏನನ್ನೋ ಬಚ್ಚಿಡುತ್ತಿದ್ದಾರೆ ಅನ್ನಿಸಿತು.

ಗಿರೀಶನ ಜಾಗ ಒಂದು ಜೌಗಿನ ಅಂಚಿನಲ್ಲಿ. ಜೌಗಿಗೂ ಗುಡಿಸಲಿಗೂ ನಡುವೆ ಕಪ್ಪು ನೀರಿನ ಸಣ್ಣ ಕೆರೆ, ಅದರ ಮೇಲೆ ಎರಡು ದಿನದ ತೆಳ್ಳನೆಯ ಮಂಜುಗಡ್ಡೆಯ ಹಾಸು. ದಾರಿ ಕೆರೆಯನ್ನು ಸುತ್ತಿ ಹೋಗುತ್ತದೆ. ಹಾಸಿನ ಮೇಲೆ ಕಾಲಿಡಬೇಡಿ, ಅದು ನಾಯಿಯ ಭಾರವನ್ನೂ ತಡೆಯುವುದಿಲ್ಲ ಅಂತ ರೋಲ್ಫ್ ಎರಡು ಸಲ ಹೇಳಿದ. ಬೆಳಗ್ಗೆ ಗಿರೀಶ ಆ ದಾರಿಯಲ್ಲೇ ಗೊಂದಲಕ್ಕೆ ಬಿದ್ದ. ನಾನು ತಿರುವಿನಲ್ಲಿ ನಿಂತು ರೇಡಿಯೋದಲ್ಲಿ ಕರೆದೆ: "ಬಾ ಗಿರಿ, ಇಲ್ಲೇ ಇದೀನಿ." ನನಗೆ ನೆಗಡಿ. ಹೇಳಿ ಮುಗಿಸುವಾಗ ಒಂದು ಕೆಮ್ಮು ಬಂತು. ಈ ಕೆಮ್ಮನ್ನೂ ನೆನಪಿನಲ್ಲಿಡಿ.

ಬೆಳಗಿನ ಹೊತ್ತು ತಣ್ಣಗೆ ಕಳೆಯಿತು. ನಾನು ನನ್ನ ಜಾಗದಲ್ಲಿ ಮರಕ್ಕೊರಗಿ ನಿಂತಿದ್ದೆ. ಬೇಸರವಾದಾಗ ಗಿರೀಶನ ಜೊತೆ ಮೆಲ್ಲಗೆ ಕನ್ನಡದಲ್ಲಿ ಹರಟೆ. ಏನಾದರೂ ಕಂಡಿತೇ, ಕಾಲು ಮರಗಟ್ಟಿತೇ, ಬುತ್ತಿಯಲ್ಲಿ ಸೌಮ್ಯ ಏನು ಕಟ್ಟಿದ್ದಾಳೆ... ಮುಗಿಸುವಾಗ ರೂಢಿಯ ಮಾತು: "ಸರಿ, ಬರ್ತೀನಿ." ಅವನೂ ಅಷ್ಟೇ: "ಆಯ್ತು, ಬರ್ತೀನಿ."

ಮೂರನೆಯದೋ ನಾಲ್ಕನೆಯದೋ ಸಲ ನಾನು ಬರ್ತೀನಿ ಅಂದು ಗುಂಡಿ ಬಿಟ್ಟೆ. ಅರ್ಧ ಉಸಿರಿನಷ್ಟು ಮೌನ... ಒಂದು ಟಿಕ್ ಸದ್ದು... ಆಮೇಲೆ ಬಹಳ ಮೆಲ್ಲಗೆ:

"ಕೊಮ್."

ನನಗೆ ನಗು ಬಂತು. ಗಿರೀಶ ಮಿಮಿಕ್ರಿಯಲ್ಲಿ ಗಟ್ಟಿಗ. ಮುದುಕನ ನಿಯಮವನ್ನು ಆಡಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಪ್ರತಿ ಸಲವೂ ಅದೇ. ನಾನು ಬರ್ತೀನಿ ಅನ್ನುವುದು, ಟಿಕ್, ಕೊಮ್. ತಮಾಷೆ ಅತಿಯಾಯಿತು ಅನ್ನಿಸಿತು.

ಮಧ್ಯಾಹ್ನ ಗುಡಿಸಲಿನ ಮುಂದಿನ ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತಾ ಅವನ ಕಿವಿಯಲ್ಲಿ ಹೇಳಿದೆ. "ಸಾಕು ಮಾಡೋ ಆ ಕೊಮ್ಮು. ಮುದುಕ ಕೇಳಿಸ್ಕೊಂಡ್ರೆ ಬೇಜಾರ್ ಮಾಡ್ಕೋತಾನೆ."

ಅವನು ನನ್ನನ್ನೇ ದಿಟ್ಟಿಸಿದ. "ಏ, ನಾನಾ? ನೀನು ತಾನೇ ಬೆಳಗ್ಗೆಯಿಂದ ಅಂತಿರೋದು. ನಾ ಬರ್ತೀನಿ ಅಂದಾಗೆಲ್ಲ ಕೊಮ್, ಕೊಮ್."

ಇಬ್ಬರಿಗೂ ಇನ್ನೊಬ್ಬನ ಮೇಲೆ ಅನುಮಾನ. ಇಬ್ಬರೂ ಆಣೆ ಇಟ್ಟೆವು, ಇಬ್ಬರೂ ನಂಬಲಿಲ್ಲ. ಪಕ್ಕದ ಕಾಡಿನ ತಂಡದವರಿರಬಹುದು ಅಂದ ಗಿರೀಶ. ಹಾಗಾದರೆ ನನ್ನ ಗುಟ್ಟಿನ ಸ್ವರ ಏನಾಯಿತು? ಮೂರು ಸಲ ಕೇಳಿದ್ದ ಮುದುಕನಿಗೆ ಮೂರು ಸಲ ಯಾರೂ ಬರಲಾರರು ಅಂದವನು ನಾನು. ಈಗ ಬಾಯಿ ಬಿಟ್ಟರೆ ನನ್ನ ಮರ್ಯಾದೆ ಹೋಗುತ್ತದೆ. ಅತಿಥಿಗಳಾಗಿ ಬಂದವರು ಅಕ್ಕಪಕ್ಕದವರ ಮೇಲೆ ದೂರು ಹೇಳುವುದೂ ಸರಿಯಲ್ಲ ಅಂತ ಇಬ್ಬರೂ ಸುಮ್ಮನಾದೆವು.

ಆಗಲೇ ಮುದುಕನಿಗೆ ಹೇಳಿಬಿಡಬೇಕಿತ್ತು.

ರಾತ್ರಿ ಅಂದರೆ ಹನ್ನೆರಡು ಗಂಟೆ ಅಂದುಕೊಳ್ಳಬೇಡಿ. ನವೆಂಬರ್ ಕೊನೆಯಲ್ಲಿ ಇಲ್ಲಿ ಮೂರೂವರೆಗೆ ಸೂರ್ಯ ಮುಖ ಮುಚ್ಚುತ್ತಾನೆ, ನಾಲ್ಕೂಕಾಲಿಗೆ ನಡುರಾತ್ರಿ. ಮೂರೂವರೆಗೆ ರೋಲ್ಫ್ ರೇಡಿಯೋದಲ್ಲಿ ಬೇಟೆ ಮುಗಿಯಿತು, ಎಲ್ಲರೂ ಗುಡಿಸಲಿನಲ್ಲಿ ಸೇರುವುದು ಅಂದ. ಕರು ಸಿಕ್ಕಿರಲಿಲ್ಲ. ನಾನು ಬಂದೆ. ಕರೀನ್ ಬಂದಳು. ರೋಲ್ಫ್ ನಾಯಿಯೊಂದಿಗೆ ಬಂದ. ಗಿರೀಶ ಬರಲಿಲ್ಲ.

ಹತ್ತು ನಿಮಿಷ ಕಾದೆವು, ನಮ್ಮ ಮೂವರ ಸೆಟ್ಟಿನಲ್ಲೂ ಒಂದು ಸದ್ದಿರಲಿಲ್ಲ. ಮರಗಳ ನಡುವೆ ಕತ್ತಲೆ ಶಾಯಿಯ ಹಾಗೆ ಕೆಳಗಿಳಿಯುತ್ತಿತ್ತು. ನಾನು ಗುಂಡಿ ಒತ್ತಿದೆ.

"ಗಿರಿ, ಎಲ್ಲಿದೀಯ?"

"ಬರ್ತಾ ಇದೀನಲ್ಲೋ. ಎಷ್ಟ್ ಸಲ ಕರೀತೀಯ?"

"ನಾನ್ ಕರೆದಿದ್ದು ಇದೇ ಫಸ್ಟ್."

ಅವನು ನಕ್ಕ. "ಹತ್ತು ನಿಮಿಷದಿಂದ ಬಾ ಬಾ ಅಂತ ಕೂಗ್ತಿರೋದು ನಿಮ್ಮ ತಾತನಾ? ನಿನ್ ಟಾರ್ಚ್ ಕಾಣ್ತಿದೆ ಬಿಡು. ಸುತ್ತಿ ಯಾಕ್ ಬರ್ಲಿ, ಸ್ಟ್ರೇಟ್ ಬರ್ತೀನಿ."

ನನ್ನ ಟಾರ್ಚು ನನ್ನ ಜೇಬಿನಲ್ಲಿತ್ತು.

ನೇರ ಅಂದರೆ ಕೆರೆಯ ಮೇಲೆ.

ರೋಲ್ಫನಿಗೆ ತಡವರಿಸುತ್ತಾ ಹೇಳಿದೆ. ಬೆಳಗ್ಗೆಯಿಂದ ನಡೆದದ್ದನ್ನೂ ಹೇಳಿದೆ. ಅವನಿಗಾಗಲಿ ಕರೀನಳಿಗಾಗಲಿ ಆ 'ಕೊಮ್' ಒಂದು ಸಲವೂ ಕೇಳಿಸಿರಲಿಲ್ಲವಂತೆ. ಅವನು ಮೂಲೆಯ ಹಗ್ಗ ಎತ್ತಿಕೊಂಡು ಹೊರಡುತ್ತಾ ಒಂದೇ ಒಂದು ಪ್ರಶ್ನೆ ಕೇಳಿದ. ನೀವಿಬ್ಬರೂ ಪ್ರತಿ ಸಲ ಕೊನೆಗೆ ಏನೋ ಒಂದು ಪದ ಹೇಳುತ್ತೀರಲ್ಲ, ಬಾರ್ತಿನಿ ಅಂತ. ಏನದರ ಅರ್ಥ?

'ನಾನು ಬರುತ್ತೇನೆ' ಅಂತ ಅರ್ಥ ಅಂದೆ. ನಮ್ಮಲ್ಲಿ ಹೋಗುವಾಗ ಹಾಗೆ ಹೇಳುವುದು.

ಅವನು ಬಾಗಿಲಲ್ಲೇ ನಿಂತುಬಿಟ್ಟ. ಅವನ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಸುಸ್ತು ಕಂಡಿತು, ತುಂಬಾ ಹಳೆಯ ಸುಸ್ತು.

"ಇಡೀ ದಿನ ಹಾಗೆ ಹೇಳಿದ್ದೀರಾ?" ಅಂದ. ಆಮೇಲೆ, ನಡೆಯುತ್ತಲೇ, ಬೆನ್ನು ತೋರಿಸಿಕೊಂಡೇ ಹೇಳಿದ: "ಎಸ್ಕಿಲ್ ಅಂತ ನಮ್ಮ ತಂಡದಲ್ಲಿದ್ದ. ರೇಡಿಯೋದಲ್ಲಿ ಕೊಮ್ ಅಂತ ಕೇಳಿಸಿತು ಅವನಿಗೆ. ನಾವ್ಯಾರೂ ಅಂದಿರಲಿಲ್ಲ. ಬರುತ್ತೇನೆ ಅಂದ. ಆಮೇಲೆ ನಮಗೆ ಸಿಕ್ಕಿದ್ದು ಅವನ ಟೋಪಿ ಮಾತ್ರ."

ನಾವು ಮೂವರೂ ಕೆರೆಯ ಕಡೆ ಓಡಿದೆವು. ಓಟವೇನು, ಬೇರುಗಳ ಮೇಲೆ ಎಡವುತ್ತಾ ಮುಗ್ಗರಿಸಿದ್ದು. ನಾನು ಗುಂಡಿ ಒತ್ತಿ, ಗಿರಿ ನಿಲ್ಲು, ಅಲ್ಲೇ ನಿಲ್ಲು, ನಾನು ಟಾರ್ಚ್ ಹಚ್ಚಿಲ್ಲ ಅಂತ ಹೇಳುತ್ತಲೇ ಇದ್ದೆ. ಉಸಿರು ತೆಗೆದುಕೊಳ್ಳಲು ಗುಂಡಿ ಬಿಟ್ಟೆ.

ಆಗ ಕರೀನಳ ಸೆಟ್ಟಿನಿಂದ ಕೇಳಿಸಿತು... ಬೆಚ್ಚಗೆ, ಸ್ಪಷ್ಟವಾಗಿ.

"ಬಾ ಗಿರಿ, ಇಲ್ಲೇ ಇದೀನಿ."

ಅದು ನನ್ನ ದನಿ. ಕೊನೆಯಲ್ಲಿ ಕೆಮ್ಮು.

ಕರೀನ್ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಬೆರಳು ಗುಂಡಿಯ ಮೇಲಿರಲಿಲ್ಲ. ನಾಯಿ ಕಾಡಿನ ಕಡೆ ನೋಡಲಿಲ್ಲ. ಅವಳ ಕೈಯಲ್ಲಿದ್ದ ಸೆಟ್ಟನ್ನೇ ನೋಡುತ್ತಾ, ಕಿವಿ ಹಿಂದಕ್ಕೆ ಮಡಚಿ, ಹಿಂದೆ ಹಿಂದೆ ಸರಿಯಿತು.

ಕೆರೆಯ ದಡಕ್ಕೆ ಬಂದಾಗ ಆಚೆಗೆ ಏನೂ ಕಾಣುತ್ತಿರಲಿಲ್ಲ. ಬರೀ ಕಪ್ಪು. ಆದರೆ ಸದ್ದಿತ್ತು. ಹಿಮದ ಹಾಸಿನ ಮೇಲೆ ಬೂಟಿನ ಸದ್ದು. ನಿಧಾನವಾಗಿ, ಒಂದೊಂದೇ ಹೆಜ್ಜೆ... ಪ್ರತಿ ಹೆಜ್ಜೆಗೂ ಹಾಸು ಉದ್ದಕ್ಕೆ ನರಳುತ್ತಿತ್ತು. ರೋಲ್ಫ್ ಬಾಯಿಬಿಟ್ಟು ಕೂಗಿದ. ನಾನೂ ಗಂಟಲು ಹರಿಯುವಂತೆ ಕೂಗಿದೆ. ಹೆಜ್ಜೆ ನಿಲ್ಲಲಿಲ್ಲ. ಅವನಿಗೆ ಕೇಳಿಸುತ್ತಿದ್ದದ್ದು ಕಿವಿಗೆ ಸಿಕ್ಕಿಸಿಕೊಂಡ ರೇಡಿಯೋ ಮಾತ್ರ, ಅದರಲ್ಲಿ ನಿಲ್ಲು ಅನ್ನುವುದೂ ಬಾ ಅನ್ನುವುದೂ ನನ್ನದೇ ದನಿ.

ಅವನು ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು ಅಂದ ರೋಲ್ಫ್. ಹೇಗೆ ಅಂತ ನಾನು ಕೇಳಲಿಲ್ಲ. ಬರ್ತೀನಿ ಅಂದದ್ದನ್ನು ವಾಪಸ್ ತೆಗೆದುಕೊಳ್ಳುವ ಮಾತು ನಮ್ಮಲ್ಲಿ ಒಂದೇ. ಅಜ್ಜಿ ಯಾರ ಬಾಯಲ್ಲೂ ಬರಗೊಡದ ಮಾತು.

"ಗಿರಿ, ನಾನ್ ಹೇಳೋದ್ ಕೇಳು. ಹೋಗ್ತೀನಿ ಅನ್ನು."

ಹೆಜ್ಜೆ ನಿಂತಿತು.

"ಏನಂದೆ?"

"ನಾನ್ ಬರಲ್ಲ, ಹೋಗ್ತೀನಿ ಅನ್ನು. ಗುಂಡಿ ಒತ್ಕೊಂಡು ಬಾಯ್ಬಿಟ್ಟು ಅನ್ನು."

ಅವನ ದನಿಯಲ್ಲಿ ಇಷ್ಟು ವರ್ಷ ಬೆಂಗಳೂರಿನವರ ನಡುವೆ ಮಡಿಚಿಟ್ಟಿದ್ದ ಊರಿನ ಮಾತು ಎದ್ದು ಬಂತು. "ಏನ್ ಮಾತಂತ ಆಡಸ್ತೀಯೋ ಮುರಳಿ? ಮನ್ಯಾಗ ಬಸರಿ ಅದಾಳ. ಆ ಮಾತು ನನ್ನ ಬಾಯಾಗ ಬರಂಗಿಲ್ಲ."

ಅಷ್ಟರಲ್ಲಿ ಮತ್ತೆ ಟಿಕ್... ಮತ್ತೆ ನನ್ನದೇ ದನಿ. "ಬಾ ಗಿರಿ, ಇಲ್ಲೇ ಇದೀನಿ." ಅದೇ ಕೆಮ್ಮು.

ಹಿಮದ ಹಾಸು ಎಲ್ಲೋ ನಡುವಿನಲ್ಲಿ ಕೋಲು ಮುರಿದಂತೆ ಸದ್ದು ಮಾಡಿತು.

"ಅಲ್ಲಿ ಕರೀತಿರೋನಿಗೆ ಹೇಳು," ಅಂದೆ. "ಹೋಗ್ತೀನಿ ಅಂತ ನೀನೂ ಒಂದ್ಸಲ ಅನ್ನಪ್ಪಾ ಅಂತ ಅವನನ್ನೇ ಕೇಳು."

ಗಿರೀಶ ಕೇಳಿದ. ನಮಗೆಲ್ಲ ಕೇಳಿಸುವ ಹಾಗೆ, ರೇಡಿಯೋದಲ್ಲೇ, ಕತ್ತಲೆಯನ್ನು ಕೇಳಿದ.

ಉತ್ತರ ಬರಲಿಲ್ಲ. ಟಿಕ್ ಸದ್ದು ಬಂತು. ಗುಂಡಿ ಒತ್ತಿ ಹಿಡಿದು ಯಾರೋ ಉಸಿರಾಡುತ್ತಿರುವಂಥ ಸದ್ದು ಬಂತು. ಮಾತು ಬರಲಿಲ್ಲ.

ಆಮೇಲೆ ಗಿರೀಶನ ದನಿ, ಬಹಳ ಸಣ್ಣಗೆ: "ನಾ ಬರಂಗಿಲ್ಲ. ನಾ... ಹೊಕ್ಕೇನಿ."

ಹೋಗುತ್ತೇನೆ ಅನ್ನುವುದನ್ನು ಅವನು ತನ್ನ ತಾಯಿಯ ಮಾತಿನಲ್ಲಿ ಅಂದ. ಆ ಕ್ಷಣವೇ ಆ ಟಾರ್ಚು ಆರಿತಂತೆ. ನಮಗೆ ಕಂಡೇ ಇರದ ಟಾರ್ಚು. ಅದು ಆರಿದ ಮೇಲೇ ತನ್ನ ಬೂಟಿನ ಸುತ್ತ ನೀರು ಉಕ್ಕುತ್ತಿರುವುದು ಅವನಿಗೆ ಗೊತ್ತಾದದ್ದು.

ರೋಲ್ಫ್ ರೇಡಿಯೋದಲ್ಲೇ ಹೇಳಿ ಅವನನ್ನು ಹೊಟ್ಟೆಯ ಮೇಲೆ ಮಲಗಿಸಿದ. ಮೂರನೆಯ ಸಲ ಎಸೆದಾಗ ಹಗ್ಗ ಕೈಗೆ ಸಿಕ್ಕಿತು. ಎಳೆದು ದಡಕ್ಕೆ ಹಾಕಿದಾಗ ಅವನ ತೊಡೆಯವರೆಗೆ ಬಟ್ಟೆ ಹಿಮಗಟ್ಟಿ ತಗಡಿನ ಹಾಗೆ ಸದ್ದು ಮಾಡುತ್ತಿತ್ತು. ಅವನು ಅಳಲಿಲ್ಲ. ಹೋಗ್ತೀನಿ ಅನ್ನು ಅಂದಾಗ ಆ ಕಡೆಯ ನೀನು ಸುಮ್ಮನಾಗಿಬಿಟ್ಟೆ, ಅದಕ್ಕೇ ಈ ಕಡೆಯ ನಿನ್ನನ್ನ ನಂಬಿದೆ ಅಂತ ಮತ್ತೆ ಮತ್ತೆ ಅದನ್ನೇ ಹೇಳಿದ.

ಗುಡಿಸಲಿನಲ್ಲಿ ಅವನನ್ನು ಒಣಗಿಸಿ, ರೋಲ್ಫನ ಪ್ಯಾಂಟು ತೊಡಿಸಿ, ಸಕ್ಕರೆ ಹಾಕಿದ ಕಾಫಿ ಕುಡಿಸಿದೆವು. ಆಮೇಲೆ ಕಾರಿನ ಹತ್ತಿರ ಬಂದಾಗ ರೋಲ್ಫ್ ಕೇಳಿದ, ಒಟ್ಟು ಎಷ್ಟು ಸೆಟ್ ತರಿಸಿದ್ದೆ ಅಂತ.

ಅಲ್ಲಿಯವರೆಗೆ ನನಗೆ ಐದನೆಯದರ ನೆನಪೇ ಬಂದಿರಲಿಲ್ಲ. ಆ ಗುಟ್ಟಿನ ಸ್ವರ ಇದ್ದದ್ದು ಐದೇ ಸೆಟ್‌ಗಳಲ್ಲಿ. ನಾಲ್ಕು ನಮ್ಮ ಕೈಯಲ್ಲಿದ್ದವು. ಯಾರೋ ಐದನೆಯದನ್ನು ಕದ್ದಿದ್ದಾರೆ, ಯಾರೋ ಹೊಂಚು ಹಾಕಿ ಆಟ ಆಡಿಸಿದ್ದಾರೆ ಅಂತ ನನ್ನ ಅನುಮಾನಕ್ಕೆ ಒಮ್ಮೆಗೇ ಜೀವ ಬಂತು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಮಾಧಾನವೇ ಆಯಿತು. ಕಳ್ಳನಾದರೆ ಮನುಷ್ಯ ತಾನೇ.

ಡಿಕ್ಕಿ ತೆರೆದೆ. ಡಬ್ಬಿ ಇಟ್ಟಲ್ಲೇ ಇತ್ತು. ಒಳಗೆ ಸೆಟ್ಟು ಇತ್ತು. ಬ್ಯಾಟರಿ ಬೇರೆಯಾಗಿ, ನಾನು ಸುತ್ತಿಟ್ಟ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು.

ಕಾರು ಬೆಳಗ್ಗೆಯಿಂದ ಚಳಿಯಲ್ಲಿ ನಿಂತಿತ್ತು. ಡಿಕ್ಕಿಯಲ್ಲಿದ್ದ ನೀರಿನ ಬಾಟಲಿ ಗಟ್ಟಿಯಾಗಿತ್ತು. ಸೆಟ್ಟನ್ನು ಎತ್ತಿಕೊಂಡೆ... ಗಂಟೆಗಟ್ಟಲೆ ಮಾತಾಡಿದ ಸೆಟ್ಟು ಕೈಗೆ ಹೇಗಿರುತ್ತದೆ ಅಂತ ಎರಡು ವಾರ ಪರೀಕ್ಷೆ ಮಾಡಿದ ನನಗೆ ಗೊತ್ತು.

ಅದು ಬೆಚ್ಚಗಿತ್ತು.

ಗಿರೀಶನ ಕೈಗೆ ಕೊಟ್ಟೆ. ಮುಟ್ಟಿದವನೇ ಕೈ ಹಿಂದೆಳೆದುಕೊಂಡ. ರೋಲ್ಫ್ ಅದನ್ನು ಈಸಿಕೊಂಡು ಕೋಟಿನ ಒಳಜೇಬಿಗೆ ಹಾಕಿಕೊಂಡ. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, ನೀನು ನಿನ್ನದನ್ನು ವಾಪಸ್ ತೆಗೆದುಕೊಂಡೆಯಾ ಅಂತ ಕೇಳಿದ.

ನಾನೂ ಇಡೀ ದಿನ ಬರ್ತೀನಿ ಅಂದಿದ್ದೆನಲ್ಲ.

ಹೂಂ ಅಂದೆ. ಅದು ಸುಳ್ಳು. ಕಾರಿನಲ್ಲಿ ಹೇಳೋಣ ಅಂದುಕೊಂಡೆ. ಕಾರಿನಲ್ಲಿ ಗಿರೀಶ ಪಕ್ಕದಲ್ಲೇ ನಡುಗುತ್ತಿದ್ದ, ಅವನ ಮುಂದೆ ಮತ್ತೆ ಆ ಮಾತೇಕೆ ಅನ್ನಿಸಿತು. ಏಳಕ್ಕೆ ಐದು ನಿಮಿಷವಿರುವಾಗ ಓರೆಬ್ರೂ ತಲುಪಿದೆವು. ಸೌಮ್ಯ ಗಂಡನ ಮೈಮೇಲಿದ್ದ ದೊಗಲೆ ಪ್ಯಾಂಟು ನೋಡಿ ನಕ್ಕಳು. ಕೆಸರಿನಲ್ಲಿ ಬಿದ್ದ ಅಂತ ಹೇಳಿದೆವು. ಆಮೇಲೆ ಕಾರ್ಲ್‌ಸ್ಟಾಡಿಗೆ ನಾನೊಬ್ಬನೇ ಕಾರು ಓಡಿಸಿದೆ. ದಾರಿಯುದ್ದಕ್ಕೂ ಬಾಯಿ ತೆರೆದು ನೋಡಿದೆ. ಆ ಮೂರಕ್ಷರ ಹೊರಗೆ ಬರಲಿಲ್ಲ. ಒಂದು ಕಡೆ ಆ ಕೆರೆಯ ಭಯ, ಇನ್ನೊಂದು ಕಡೆ ಅಜ್ಜಿಯ ಭಯ. ಗೆದ್ದದ್ದು ಅಜ್ಜಿ.

ಎಂಜಿನಿಯರ್ ತಲೆ ಸುಮ್ಮನಿರುತ್ತದೆಯೇ? ಬೆಳಗಿನ ನನ್ನ ಮಾತು ಎಲ್ಲೋ ರೆಕಾರ್ಡ್ ಆಗಿ ಮತ್ತೆ ಮತ್ತೆ ಹೊರಬಿದ್ದಿರಬಹುದು ಅಂತ ಸೆಟ್ಟಿನ ಪುಸ್ತಕವನ್ನೆಲ್ಲ ಓದಿದೆ. ಆ ಮಾಡೆಲ್ಲಿನಲ್ಲಿ ರೆಕಾರ್ಡ್ ಮಾಡುವ ಸೌಲಭ್ಯವೇ ಇಲ್ಲ. ನನ್ನ ಪಟ್ಟಿಯಲ್ಲಿ ಆ ಕಾಲಮ್ಮಿಗೆ 'ಇಲ್ಲ' ಅಂತ ಬರೆದವನೂ ನಾನೇ. ರೋಲ್ಫ್ ನನ್ನನ್ನು ಆಟ ಆಡಿಸಿದನೇ ಅಂತಲೂ ಅನುಮಾನಿಸಿದೆ. ಅವನಿಗೆ ಕನ್ನಡ ಬರುವುದಿಲ್ಲ ಅನ್ನುವಲ್ಲಿಗೆ ಆ ಅನುಮಾನವೂ ನಿಂತಿತು.

ಚಳಿಗಾಲ ಕಳೆಯಿತು. ಗಿರೀಶನಿಗೆ ಹೆಣ್ಣು ಮಗು. ಅವನ ತಾಯಿಗೆ ವೀಸಾ ಬರಲಿ ಅಂತ ಕಾದು, ಏಪ್ರಿಲ್ ತಿಂಗಳ ಒಂದು ಶನಿವಾರ ನಾಮಕರಣ ಇಟ್ಟುಕೊಂಡರು. ನಾನೂ ನನ್ನ ಹೆಂಡತಿಯೂ ಓರೆಬ್ರೂಗೆ ಹೋಗಿ, ತೊಟ್ಟಿಲು ತೂಗಿ, ಹೋಳಿಗೆ ಉಂಡೆವು. ಮಧ್ಯಾಹ್ನ ಮೂರೂವರೆಗೆ ಹೊರಟೆವು. ಸೌಮ್ಯ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದಳು. ಮಗು ಹಸಿವಿಗೋ ನಿದ್ದೆಗೋ ಅಳುತ್ತಿತ್ತು. ನಾನು ಅದರ ಪಾದ ಮುಟ್ಟಿ, ಸರಿ ಕಣಮ್ಮಾ, ಬರ್ತೀನಿ ಅಂದೆ.

ಸೋಮವಾರ ಫಿಕಾ ಸಮಯದಲ್ಲಿ ಕರೀನ್ ಕಾಫಿ ಬಗ್ಗಿಸಿಕೊಂಡು ನನ್ನ ಎದುರು ಕೂತಳು. ಶನಿವಾರ ನೀನು ನಮ್ಮ ಕಾಡಿಗೆ ಬಂದಿದ್ದೆಯಾ ಅಂತ ಕೇಳಿದಳು.

ಇಲ್ಲ ಅಂದೆ.

ಅಪ್ಪ ಗುಡಿಸಲಿನಲ್ಲಿ ರೇಡಿಯೋಗಳಿ‌ಗೆ ಚಾರ್ಜ್ ಹಾಕುತ್ತಾ ಕೂತಿದ್ದನಂತೆ. ಮಧ್ಯಾಹ್ನ ಮೂರೂವರೆ. ಒಂದು ಸೆಟ್ಟಿನಲ್ಲಿ ನಿನ್ನ ದನಿ ಕೇಳಿಸಿತಂತೆ, ನಿಮ್ಮ ಆ ಪದ, ಒಂದೇ ಒಂದು ಸಲ. ಅವನು ಉತ್ತರ ಕೊಡಲಿಲ್ಲವಂತೆ, ಎಲ್ಲ ಬ್ಯಾಟರಿಗಳನ್ನೂ ಕಳಚಿಟ್ಟು ಮನೆಗೆ ಬಂದನಂತೆ.

ಕರೀನ್ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದಳು.

"ನಿನ್ನ ದನಿಯ ಹಿಂದೆ ಒಂದು ಮಗು ಅಳುತ್ತಿತ್ತಂತೆ," ಅಂದಳು. "ಅದು ಯಾರ ಮಗು ಅಂತ ಅಪ್ಪ ಕೇಳಿಕೊಂಡು ಬಾ ಅಂದಿದ್ದಾನೆ."